ಕಡಿಯುವುದು ಬೇರೆ, ಕೊಯ್ಯುವುದು ಬೇರೆ

ನಮ್ಮ ಕಣದ ಪಕ್ಕದ ಹಲಸಿನ ಮರಕ್ಕೆ ಎರಡು ಗಾಯಗಳಿವೆ. ಎರಡೂ ಮೂರಿಂಚು ದಪ್ಪದ ಕೊಂಬೆ ತೆಗೆದ ಜಾಗಗಳು. ಕೆಳಗಿನದ್ದು ಆರು ವರ್ಷದ ಹಿಂದೆ ಕತ್ತಿಯಲ್ಲಿ ಕಡಿದದ್ದು. ಏಳೆಂಟು ಏಟು ಬಿದ್ದ ಮೇಲೆ ಕೊಂಬೆ ತನ್ನ ಭಾರಕ್ಕೆ ತಾನೇ ಜಗ್ಗಿ, ಒಂದು ಮೊಳದಷ್ಟು ತೊಗಟೆಯನ್ನು ಸುಲಿದುಕೊಂಡೇ ಕೆಳಗೆ ಬಿತ್ತು. ಅಲ್ಲಿ ಈಗ ಮುಷ್ಟಿ ತೂರುವಷ್ಟು ಪೊಟರೆ. ಆಷಾಢದಲ್ಲಿ ಅದರ ಅಂಚಿಗೆ ಅಣಬೆ ಏಳುತ್ತದೆ. ಮೇಲಿನ ಗಾಯ ನಾಲ್ಕು ವರ್ಷದ್ದು, ಗರಗಸದಲ್ಲಿ ಕೊಯ್ದದ್ದು. ಸುತ್ತಲಿಂದ ತೊಗಟೆ ಬಳೆಯ ಹಾಗೆ ಉಬ್ಬಿ ಬಂದು, ನಡುವೆ ಎಂಟಾಣೆ ನಾಣ್ಯದಷ್ಟು ಮರ ಮಾತ್ರ ಕಾಣುತ್ತಿದೆ. ಮರ ಒಂದೇ, ಮಣ್ಣು ಒಂದೇ, ಮಳೆಯೂ ಒಂದೇ. ಬೇರೆಯಾದದ್ದು ಹತಾರ.

ಕನ್ನಡದಲ್ಲಿ ನಾವು ಕತ್ತಿಗೆ ಕಡಿಯುವುದು ಎನ್ನುತ್ತೇವೆ, ಗರಗಸಕ್ಕೆ ಕೊಯ್ಯುವುದು ಎನ್ನುತ್ತೇವೆ. ಮಲೆನಾಡಿನ ತೋಟಗಳಲ್ಲಿ ಮಾತ್ರ ಕೊಯ್ಯಬೇಕಾದ್ದನ್ನೂ ಕಡಿದು ಮುಗಿಸುವುದೇ ರೂಢಿ. ಸೊಂಟದ ಕೊಕ್ಕೆಯಲ್ಲಿ ಕತ್ತಿ ಸದಾ ಇರುತ್ತದೆ; ಗರಗಸ ಮನೆಯ ಅಟ್ಟದಲ್ಲಿ ಇರುತ್ತದೆ. ಹತ್ತಿರ ಇದ್ದದ್ದೇ ಕೈಗೆ ಬರುವುದು. ಹಾಗಾಗಿ ನಾನು ಪ್ರತಿ ತೋಟದವರಿಗೂ, ಹಿತ್ತಿಲಲ್ಲಿ ನಾಲ್ಕು ಮರ ಇಟ್ಟುಕೊಂಡ ಪೇಟೆಯವರಿಗೂ ಹೇಳುವ ಮಾತು ಒಂದೇ: ಜೇಬಿನಲ್ಲಿ ಕೂರುವ ಗರಗಸ ಒಂದನ್ನು ಇಟ್ಟುಕೊಳ್ಳಿ. ಮಡಚುವ ಗರಗಸ ಈಗ ಜಿಲ್ಲಾ ಕೇಂದ್ರದ ಹಾರ್ಡ್‌ವೇರ್ ಅಂಗಡಿಗಳಲ್ಲೂ, ಆನ್‌ಲೈನಿನಲ್ಲೂ ಹತ್ತಾರು ಬಗೆಯಲ್ಲಿ ಸಿಗುತ್ತದೆ. ಆದರೆ ಬಣ್ಣದ ಹಿಡಿ ನೋಡಿ ಕೊಂಡರೆ ಕೈ ಕೊಡುತ್ತದೆ. ನನ್ನ ಕೈಯನ್ನೇ ಕೊಯ್ದಿದೆ. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಗೊತ್ತಿರಬೇಕಾದ್ದು, ಈ ಗರಗಸ ಕೊಯ್ಯುವುದು ನಮ್ಮ ಕಡೆಗೆ ಎಳೆಯುವಾಗ. ಬಡಗಿಯ ದೊಡ್ಡ ಕೈಗರಗಸ ಮುಂದೆ ತಳ್ಳುವಾಗ ಕೊಯ್ಯುತ್ತದೆ. ತಳ್ಳಿದರೆ ಅಲಗು ಬಾಗಬಾರದಲ್ಲ, ಅದಕ್ಕಾಗಿ ಅದು ದಪ್ಪವೂ ಅಗಲವೂ ಆಗಿರಬೇಕು. ಎಳೆಯುವ ಗರಗಸಕ್ಕೆ ಆ ತಾಪತ್ರಯವಿಲ್ಲ. ಒಂದು ಹಗ್ಗವನ್ನು ತಳ್ಳಿ ನೋಡಿ, ಮುದುಡುತ್ತದೆ. ಎಳೆದು ನೋಡಿ, ನೆಟ್ಟಗಾಗುತ್ತದೆ. ಎಳೆತದಲ್ಲಿ ಅಲಗು ತಾನಾಗಿ ಬಿಗಿಯುವುದರಿಂದ ತೆಳುವಾಗಿದ್ದರೂ ಸಾಕು. ತೆಳು ಅಲಗು ಕೊಯ್ಯುವ ಸಂದೂ ಕಿರಿದು, ತೆಗೆಯಬೇಕಾದ ಮರವೂ ಕಡಿಮೆ, ರಟ್ಟೆಗೆ ಆಯಾಸವೂ ಕಡಿಮೆ. ಮಡಚುವ ಗರಗಸ ಎಳೆದೇ ಕೊಯ್ಯುವಂತಿರಲು ಇನ್ನೊಂದು ಕಾರಣವೂ ಇದೆ. ಅದಕ್ಕೆ ನಡುವೆ ಕೀಲು ಇದೆ. ಎಳೆಯುವಾಗ ಕೀಲು ಬಿಚ್ಚಿಕೊಂಡೇ ಉಳಿಯುತ್ತದೆ. ತಳ್ಳುವಾಗ ಮಡಚಿಕೊಳ್ಳಲು ಹವಣಿಸುತ್ತದೆ.

ಇದು ಜಪಾನಿನವರ ವಿದ್ಯೆ ಎಂದು ಹೊಗಳುವುದನ್ನು ಕೇಳಿದ್ದೇನೆ. ಜಪಾನಿನವರು ಇದನ್ನು ಬಹಳ ಎತ್ತರಕ್ಕೆ ಒಯ್ದದ್ದು ನಿಜ. ಆದರೆ ಭತ್ತ ಕೊಯ್ಯುವ ನಮ್ಮ ಹಲ್ಲುಗತ್ತಿಯನ್ನು ಒಮ್ಮೆ ನೆನಪಿಸಿಕೊಳ್ಳಿ. ಎಡಗೈಯಲ್ಲಿ ತೆನೆ ಹಿಡಿದು ಬಲಗೈಯಲ್ಲಿ ಸರಕ್ಕನೆ ಎಳೆಯುತ್ತೇವೆ. ಯಾರೂ ಅದನ್ನು ತಳ್ಳಿ ಕೊಯ್ಯುವುದಿಲ್ಲ. ಗದ್ದೆಯಲ್ಲಿ ಕೈ ಪಳಗಿದವರಿಗೆ ಎಳೆಯುವ ಗರಗಸವನ್ನು ಕಲಿಸುವುದೇ ಬೇಡ. ನಮ್ಮಲ್ಲಿ ಮರಗಸಿಗೆ, ಅಂದರೆ ತೋಟದ ನೆರಳು ಮರಗಳ ಕೊಂಬೆ ಸವರುವ ಕೆಲಸಕ್ಕೆ, ಬರುವ ಮೇಸ್ತ್ರಿಯ ಕೈಗೆ ಮೊದಲ ಸಲ ಇದನ್ನು ಕೊಟ್ಟಾಗ ಎರಡು ಸಲ ಎಳೆದು, “ಇದು ನಮ್ಮ ಹಲ್ಲುಗತ್ತಿ ಮಗ ಕಣ್ರಣ್ಣ” ಅಂದರು. ಅಷ್ಟೇ ಪಾಠ. ಕಷ್ಟಪಡುವವರು ಬಡಗಿ ಕೆಲಸ ಗೊತ್ತಿರುವವರು. ಅವರ ಕೈ ಮುಂದಕ್ಕೆ ಒತ್ತುತ್ತದೆ, ಅಲಗು ಬಳುಕುತ್ತದೆ, ಕೆಲವೊಮ್ಮೆ ತುದಿಯೇ ಮುರಿಯುತ್ತದೆ.

ಈಗ ಆ ಕೈ ಕೊಯ್ದ ಕತೆ. ನಾನು ಮೊದಲು ಕೊಂಡದ್ದು ಅಗ್ಗದ ಗರಗಸ. ಹಲ್ಲು ಚೆನ್ನಾಗಿಯೇ ಇತ್ತು, ಲಾಕ್ ಚೆನ್ನಾಗಿರಲಿಲ್ಲ. ಅಲಗು ಬಿಚ್ಚಿದಾಗ ಟಕ್ ಎಂದು ಕೂರುವ ಸಣ್ಣ ತಗಡಿನ ನಾಲಿಗೆ ಅದು. ಕೂತ ಮೇಲೂ ಅಲಗು ಅತ್ತಿತ್ತ ಒಂದು ಕೂದಲೆಳೆ ಅಲ್ಲಾಡುತ್ತಿತ್ತು. ಅಲ್ಲಾಡಿದರೆ ಏನಾಯಿತು, ಕೊಯ್ಯುತ್ತದಲ್ಲ ಎಂದುಕೊಂಡೆ. ಒಂದು ಜಡಿಮಳೆಯ ಸಂಜೆ ದಾರಿಗೆ ಬಿದ್ದ ಅಕೇಶಿಯಾ ಕೊಂಬೆಯನ್ನು ಅವಸರದಲ್ಲಿ ಕೊಯ್ಯುವಾಗ ಅಲಗು ಸಂದಿನಲ್ಲಿ ಕಚ್ಚಿಕೊಂಡಿತು. ಬಿಡಿಸಲು ಬಲವಾಗಿ ಮುಂದೆ ತಳ್ಳಿದೆ. ನಾಲಿಗೆ ಜಾರಿತು, ಅಲಗು ಹಿಡಿಯೊಳಕ್ಕೆ ಮಡಚಿಕೊಂಡಿತು. ಹಿಡಿಯ ಮೇಲೆ ನನ್ನ ಬೆರಳುಗಳಿದ್ದವು. ತೋರುಬೆರಳಿನ ನಡುಗೆಣ್ಣಿಗೆ ನಾಲ್ಕು ಹೊಲಿಗೆ ಬಿತ್ತು. ಇವತ್ತಿಗೂ ಚಳಿಗಾಲದ ಬೆಳಿಗ್ಗೆ ಆ ಬೆರಳು ಪೂರ್ತಿ ಮಡಚುವುದಿಲ್ಲ.

ಆದ್ದರಿಂದ ಅಂಗಡಿಯಲ್ಲಿ ಹಲ್ಲು ಮುಟ್ಟಿ ನೋಡುವ ಮೊದಲು ಲಾಕ್ ನೋಡಿ. ಅಲಗನ್ನು ಪೂರ್ತಿ ಬಿಚ್ಚಿ, ಹಲ್ಲು ಮೇಲಾಗುವಂತೆ ತಿರುಗಿಸಿ, ಬೆರಳುಗಳನ್ನು ಅಲಗು ಮಡಚಿಕೊಳ್ಳುವ ಸಂದಿನಿಂದ ದೂರ ಇಟ್ಟು, ಅಲಗಿನ ಬೆನ್ನನ್ನು ಮೇಜಿನ ಅಂಚಿಗೆ ಒತ್ತಿ. ಒಂದಿಷ್ಟೂ ಜಗ್ಗಬಾರದು. ಪಕ್ಕಕ್ಕೆ ಅಲ್ಲಾಡಿಸಿ, ಅಲಗು ಬಳುಕಬಹುದು, ಕೀಲು ಸಡಿಲ ಇರಬಾರದು. ಕೀಲಿಗೆ ರಿವೆಟ್ ಹೊಡೆದಿದ್ದಕ್ಕಿಂತ ತಿರುಪು ಇರುವುದು ಮೇಲು, ಸವೆದಾಗ ಬಿಗಿ ಮಾಡಬಹುದು, ಅಲಗನ್ನೂ ಬದಲಿಸಬಹುದು. ಮಡಚಿದಾಗಲೂ ಲಾಕ್ ಕೂರಬೇಕು. ಏಣಿ ಹತ್ತುವಾಗ ಜೇಬಿನಲ್ಲಿ ಅರ್ಧ ಬಾಯಿ ಬಿಟ್ಟ ಗರಗಸ ತೊಡೆಗೆ ಏನು ಮಾಡೀತೆಂದು ಬಿಡಿಸಿ ಹೇಳಬೇಕಿಲ್ಲ.

ಇನ್ನು ಹಲ್ಲು. ಬಹಳ ಜನ ಸಣ್ಣ ಹಲ್ಲು ಹೆಚ್ಚಿದ್ದಷ್ಟೂ ಹರಿತ ಎಂದು ನಂಬುತ್ತಾರೆ. ಹಸಿ ಮರದ ಮಟ್ಟಿಗೆ ಅದು ತಲೆಕೆಳಗಾದ ಲೆಕ್ಕ. ಅರ್ಧ ಹೋಳು ತೆಂಗಿನಕಾಯಿ ತುರಿದರೆ ಬಟ್ಟಲು ತುಂಬಿ ಉಬ್ಬುತ್ತದೆಯಲ್ಲ, ಮರದ ಹುಡಿಯೂ ಹಾಗೆಯೇ. ಗಟ್ಟಿಯಾಗಿದ್ದಾಗ ಹಿಡಿಯುತ್ತಿದ್ದ ಜಾಗದ ಹಲವು ಪಟ್ಟು ಜಾಗ ಬೇಡುತ್ತದೆ. ಆ ಹುಡಿ ಎಲ್ಲಿರಬೇಕು? ಎರಡು ಹಲ್ಲುಗಳ ನಡುವಿನ ಗುಳಿಯಲ್ಲಿ. ಹಲ್ಲು ಮರದ ಆಚೆ ಬದಿಯಿಂದ ಈಚೆ ಬರುವ ತನಕ ಅದು ಹುಡಿಯನ್ನು ಹೊತ್ತುಕೊಂಡೇ ಬರಬೇಕು. ಗುಳಿ ಚಿಕ್ಕದಾದರೆ ಅರ್ಧ ದಾರಿಯಲ್ಲೇ ತುಂಬಿಬಿಡುತ್ತದೆ. ಆಮೇಲೆ ಹಲ್ಲು ಮರಕ್ಕೆ ತಾಗುವುದೇ ಇಲ್ಲ, ತನ್ನದೇ ಹುಡಿಯ ಮೇಲೆ ಜಾರುತ್ತದೆ. ಹಸಿ ಹಾಲುವಾಣವನ್ನು ಸಣ್ಣ ಹಲ್ಲಿನಲ್ಲಿ ಕೊಯ್ದು ನೋಡಿ. ಒದ್ದೆ ಹಿಟ್ಟಿನಂಥ ಹುಡಿ ಹಲ್ಲಿನ ನಡುವೆ ಮೆತ್ತಿಕೊಂಡು ಗರಗಸ ಚಾಕುವಿನಂತೆ ನುಣ್ಣಗಾಗಿರುತ್ತದೆ. ಹಸಿ ಕೊಂಬೆಗೆ, ಅದರಲ್ಲೂ ಎರಡಿಂಚು ಮೀರಿದ್ದಕ್ಕೆ, ದೊಡ್ಡ ಹಲ್ಲು, ಆಳದ ಗುಳಿಯೇ ಸರಿ.

ಒಣಗಿದ ಗಟ್ಟಿ ಮರಕ್ಕೆ, ಬಿದಿರಿಗೆ ಲೆಕ್ಕ ಬೇರೆ. ಬಿದಿರು ಹೆಚ್ಚಾಗಿ ಒಳಗೆ ಪೊಳ್ಳು; ಕೊಯ್ಯಬೇಕಾದ ಗೋಡೆ ತೆಳು. ಒಂದೇ ಹೊತ್ತಿಗೆ ಎರಡು ಮೂರು ಹಲ್ಲಾದರೂ ಆ ಗೋಡೆಯ ಮೇಲೆ ಕೂರದಿದ್ದರೆ ಹಲ್ಲು ಅಂಚಿಗೆ ಸಿಕ್ಕಿ ಎಗರುತ್ತದೆ, ನಾರು ಸಿಗಿಯುತ್ತದೆ. ಇಂಚಿಗೆ 7 ಹಲ್ಲಿದ್ದರೆ ಹಲ್ಲಿನಿಂದ ಹಲ್ಲಿಗೆ ಸುಮಾರು ಮೂರೂವರೆ ಮಿಲಿಮೀಟರ್. ಬಿದಿರಿಗೂ ಆಗಬೇಕು, ಬೇಲಿಗೂಟಕ್ಕೂ ಆಗಬೇಕು, ಹಸಿ ಕೊಂಬೆಗೂ ಆಗಬೇಕು, ಕೊಳ್ಳುವುದು ಒಂದೇ ಎನ್ನುವವರಿಗೆ ಈ ಅಳತೆ ಒಳ್ಳೆಯ ನಡುದಾರಿ. ಜಪಾನಿನ ಗರಗಸಗಳಲ್ಲಿ ಮಾತ್ರ 30 ಮಿಲಿಮೀಟರಿಗೆ ಇಷ್ಟು ಹಲ್ಲು ಎಂದು ಎಣಿಸುತ್ತಾರೆ. ಅದನ್ನು ಇಂಚಿನ ಲೆಕ್ಕ ಎಂದು ಓದಿಕೊಂಡರೆ ಆಯ್ಕೆ ತಪ್ಪುತ್ತದೆ.

ಉದ್ದದ ವಿಷಯದಲ್ಲಿ ನನ್ನದು ಸರಳ ಸೂತ್ರ: ನೀವು ದಿನವೂ ಕೊಯ್ಯುವ ಕೊಂಬೆ ಎಷ್ಟು ದಪ್ಪವೋ ಅದರ ಎರಡು ಪಟ್ಟಿಗಿಂತ ಅಲಗು ಚಿಕ್ಕದಾಗಿರಬಾರದು. 18 ಸೆಂಟಿಮೀಟರ್ ಅಲಗಿನಲ್ಲಿ 6 ಸೆಂಟಿಮೀಟರ್ ಕೊಂಬೆ ಕೊಯ್ದರೆ ಒಂದೊಂದು ಎಳೆತಕ್ಕೂ 12 ಸೆಂಟಿಮೀಟರ್ ಓಟ ಸಿಗುತ್ತದೆ, ಹುಡಿ ತುಂಬಿದ ಗುಳಿಗಳೆಲ್ಲ ಹೊರಬಂದು ಖಾಲಿಯಾಗುತ್ತವೆ. ಅದೇ ಅಲಗಿನಲ್ಲಿ 14 ಸೆಂಟಿಮೀಟರ್ ದಪ್ಪದ್ದಕ್ಕೆ ಕೈ ಹಾಕಿದರೆ ಓಟ ನಾಲ್ಕೇ ಸೆಂಟಿಮೀಟರ್; ನಡುವಿನ ಹಲ್ಲುಗಳು ಬೆಳಕನ್ನೇ ಕಾಣುವುದಿಲ್ಲ. ತೋಟಕ್ಕೆ 24 ಸೆಂಟಿಮೀಟರ್, ಹಿತ್ತಿಲಿಗೆ 17–18 ಸೆಂಟಿಮೀಟರ್ ಸಾಕು. ಅರ್ಧ ಮೀಟರ್ ಅಲಗಿನ ಮಡಚುವ ಗರಗಸಗಳೂ ಇವೆ. ನೋಡಲು ಆಸೆಯಾಗುತ್ತದೆ, ಆದರೆ ಜೇಬಿಗೆ ಇಳಿಯದ ಮೇಲೆ ಅದೂ ಅಟ್ಟ ಸೇರುತ್ತದೆ.

ಅಲಗು ನೇರವೋ ಬಾಗಿದ್ದೋ ಎಂಬುದು ನೀವು ಎಲ್ಲಿ ನಿಂತು ಕೊಯ್ಯುತ್ತೀರಿ ಎನ್ನುವುದರ ಮೇಲೆ. ಬಾಗಿದ ಅಲಗು ಎಳೆದಂತೆಲ್ಲ ತಾನಾಗಿ ಮರದೊಳಕ್ಕೆ ಕಚ್ಚುತ್ತದೆ, ನಾವು ಒತ್ತಬೇಕಿಲ್ಲ. ಏಣಿಯ ಮೇಲೆ ಕೈ ಚಾಚಿ, ಎದೆಗಿಂತ ಮೇಲಿನ ಕೊಂಬೆ ಕೊಯ್ಯುವವರಿಗೆ ಇದೇ ಬೇಕು. ಕೆಳಗಿನ ಕೆಲಸಕ್ಕೆ ನೇರ ಅಲಗೇ ಹಿಡಿತಕ್ಕೆ ಸಿಗುತ್ತದೆ. ಕಾಫಿ ಗಿಡದ ಕೆಲಸ ಎಲ್ಲವೂ ಕೆಳಗಿನದೇ. ಗಿಡ ಸವರುವ ಕಪಾತಿನಲ್ಲಿ ಬೆರಳು ಗಾತ್ರದ ಅಡ್ಡರೆಂಬೆಗೆ ಕತ್ತರಿ ಸಾಕು. ಅದಕ್ಕಿಂತ ದಪ್ಪದ್ದಕ್ಕೆ ಕತ್ತರಿ ಒತ್ತಿದರೆ ಮರ ಜಜ್ಜುತ್ತದೆ. ಹಳೆಯ ಗಿಡವನ್ನು ನೆಲದಿಂದ ಒಂದಡಿ ಬಿಟ್ಟು ಕೊಯ್ದು ಹೊಸ ಚಿಗುರು ತರಿಸುವ ಬುಡ ಕಪಾತಿನಲ್ಲಂತೂ ಕತ್ತಿ ಬೀಸಲು ಜಾಗವೇ ಇರುವುದಿಲ್ಲ. ಬೀಸಿದರೂ ಏಟಿಗೆ ಬೇರು ಅಲುಗುತ್ತದೆ, ಉಳಿದ ಮೋಟು ಸೀಳುತ್ತದೆ. ಗರಗಸದಲ್ಲಿ ಓರೆಯಾಗಿ ಕೊಯ್ದರೆ ನೀರು ನಿಲ್ಲದೆ ಜಾರುತ್ತದೆ, ಅದಕ್ಕೆ ಬೋರ್ಡೋ ಮುಲಾಮು ನುಣ್ಣಗೆ ಕೂರುತ್ತದೆ.

ಬೋರರ್ ಹಿಡಿದ ಅರೇಬಿಕಾ ಗಿಡವನ್ನು ಕೊಯ್ಯುವಾಗ ಗರಗಸ ಇನ್ನೊಂದು ಉಪಕಾರ ಮಾಡುತ್ತದೆ. ಬಿಳಿ ಕಾಂಡಕೊರಕದ ದುಂಬಿ ತೊಗಟೆಯ ಬಿರುಕಿನಲ್ಲಿ ಮೊಟ್ಟೆಯಿಡುತ್ತದೆ, ಹುಳು ಕಾಂಡದೊಳಗೆ ಸುರಂಗ ಕೊರೆದು ಹಿಂದೆ ತನ್ನ ಹಿಕ್ಕೆಯನ್ನೇ ಗಟ್ಟಿಯಾಗಿ ತುಂಬುತ್ತಾ ಹೋಗುತ್ತದೆ. ಹೊರಗೆ ಕಾಣುವುದು ತೊಗಟೆಯ ಮೇಲೆ ಉಂಗುರದಂತೆ ಉಬ್ಬಿದ ಗೆರೆ ಮಾತ್ರ. ಸಣ್ಣ ಗರಗಸದಲ್ಲಿ ಕೊಯ್ದಾಗ ಒಳಗಿನದೆಲ್ಲ ಕಣ್ಣಿಗೆ ಬೀಳುತ್ತದೆ. ಬೆಳ್ಳನೆಯ ಮರದ ನಡುವೆ ಪೆನ್ಸಿಲಿನ ಸೀಸದಷ್ಟೋ ಅದಕ್ಕಿಂತ ತುಸು ದೊಡ್ಡದೋ ಆದ ಕಂದು ಚುಕ್ಕೆಗಳು. ಚುಕ್ಕೆ ಇದ್ದರೆ ಇನ್ನೂ ನಾಲ್ಕು ಬೆರಳು ಕೆಳಗೆ ಕೊಯ್ಯಬೇಕು. ಮತ್ತೆ ಚುಕ್ಕೆ ಕಂಡರೆ ಮತ್ತೂ ಕೆಳಗೆ. ಬುಡದ ತನಕ ಹೋಗಿದ್ದರೆ ಗಿಡವನ್ನು ಕಿತ್ತು ಸುಡುವುದೇ ದಾರಿ. ಕತ್ತಿಯಲ್ಲಿ ಕಡಿದ ಮೋಟಿನಲ್ಲಿ ಎಲ್ಲವೂ ಜಜ್ಜಿಹೋಗಿ ಈ ಚುಕ್ಕೆ ಕಾಣುವುದೇ ಇಲ್ಲ. ಹುಳು ಉಳಿದ ಮೋಟನ್ನು ಹಾಗೆಯೇ ಬಿಟ್ಟುಬಂದ ಎಷ್ಟೋ ತೋಟಗಳನ್ನು ನೋಡಿದ್ದೇನೆ, ನನ್ನದೂ ಸೇರಿ.

ಉಕ್ಕಿನ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಒಳ್ಳೆಯ ಅಲಗುಗಳು ಇಂಗಾಲ ಹೆಚ್ಚಿರುವ ಉಕ್ಕಿನವು. ಹಲ್ಲಿನ ತುದಿಯನ್ನು ಮಾತ್ರ ಕ್ಷಣಮಾತ್ರದಲ್ಲಿ ಕೆಂಪಗೆ ಕಾಯಿಸಿ ಹದಗೊಳಿಸಿರುತ್ತಾರೆ. ತುದಿ ನೀಲಿಗಪ್ಪಾಗಿ ಕಾಣುವುದೇ ಅದರ ಗುರುತು. ಅಂಥ ಹಲ್ಲು ಬಹಳ ಕಾಲ ಹರಿತ ಇರುತ್ತದೆ, ಆದರೆ ಮೊಂಡಾದ ಮೇಲೆ ಬಡಗಿಯ ಮೂರುಮೂಲೆಯ ಅರ ಅದರ ಮೇಲೆ ಜಾರುತ್ತದೆ, ಕಚ್ಚುವುದಿಲ್ಲ. ಅಲಗನ್ನೇ ಬದಲಿಸಬೇಕು. ಹಾಗಾಗಿ ಬಿಡಿ ಅಲಗು ಸಿಗುತ್ತದೆಯೇ ಎಂದು ಕೇಳಿಯೇ ಗರಗಸ ಕೊಳ್ಳಿ. ತುದಿ ನೀಲಿಯಾಗಿರದ ಸಾದಾ ಹಲ್ಲಿನದಾದರೆ ಅರ ಹಾಕಿಕೊಂಡು ವರ್ಷಗಟ್ಟಲೆ ನಡೆಸಬಹುದು. ಅರ ಹಾಕಲು ಬರುವವರಿಗೆ ಅದೂ ಒಳ್ಳೆಯದೇ.

ಹೆಸರು ಕೇಳುವವರಿಗೆ ನಾಲ್ಕು ಮಾತು. ಸಿಲ್ಕಿ ಗರಗಸ ಮಾಡುವ ಯುಎಂ ಕೋಗ್ಯೊ ಜಪಾನಿನ ಹ್ಯೋಗೊ ಪ್ರಾಂತ್ಯದ ಓನೊ ಊರಿನದು, 1919ರಲ್ಲಿ ಶುರುವಾದದ್ದು. ಇವರ ಅಲಗಿನಲ್ಲಿ ಹಲ್ಲುಗಳನ್ನು ಎಡಕ್ಕೊಂದು ಬಲಕ್ಕೊಂದು ಬಾಗಿಸಿರುವುದಿಲ್ಲ; ಅದರ ಬದಲು ಅಲಗನ್ನೇ ಬೆನ್ನಿನ ಕಡೆಗೆ ತೆಳುವಾಗಿ ಉಜ್ಜಿರುತ್ತಾರೆ. ಸಂದಿನಲ್ಲಿ ಸಿಕ್ಕಿಕೊಳ್ಳದೆ ಓಡುತ್ತದೆ, ಕೊಯ್ದ ಮುಖ ಕೀಸುಳಿ ಹಾಕಿದಂತೆ ಇರುತ್ತದೆ. ಪಾಕೆಟ್‌ಬಾಯ್ 130, 170 ಮಿಲಿಮೀಟರಿನದು, ಬಿಗ್‌ಬಾಯ್ 360ರದು. ಗೋಂಬಾಯ್‌ನಲ್ಲಿ 240ರದು ತೋಟಕ್ಕೆ ಹೇಳಿ ಮಾಡಿಸಿದಂತಿದೆ. ಬೆಲೆ ಹೆಚ್ಚು, ಅಲಗು ತೆಳು, ಒರಟು ಕೈಗೆ ಆಗಿಬರುವುದಿಲ್ಲ. ಬಾಕೊ ಕಂಪನಿಯ ಲ್ಯಾಪ್‌ಲ್ಯಾಂಡರ್ 190 ಮಿಲಿಮೀಟರ್ ಅಲಗು, ಇಂಚಿಗೆ 7 ಹಲ್ಲು. ತುಸು ದಪ್ಪ, ತುಸು ನಿಧಾನ, ಆದರೆ ಬಳುಕಿಸಿದರೂ ತಾಳುತ್ತದೆ, ಬಿಚ್ಚಿದಾಗಲೂ ಮಡಚಿದಾಗಲೂ ಲಾಕ್ ಕೂರುತ್ತದೆ. ಹತ್ತು ಜನರ ಕೈ ದಾಟುವ ಗರಗಸವಾದರೆ ನಾನು ಇಂಥದ್ದನ್ನೇ ಆರಿಸುತ್ತೇನೆ. ಲೂಧಿಯಾನದ ಫಾಲ್ಕನ್‌ನಂಥ ನಮ್ಮ ದೇಶದ ಹೆಸರುಗಳೂ ಇವೆ. ಯಾವುದಾದರೂ ಸರಿ, ಮೇಲೆ ಹೇಳಿದ ಲಾಕಿನ ಪರೀಕ್ಷೆಯಲ್ಲಿ ಪಾಸಾಗಲಿ. ಹಿಡಿಯ ಬಣ್ಣ ಕೆಂಪೋ ಕಿತ್ತಳೆಯೋ ಇರಲಿ. ಹಸಿರು ಹಿಡಿ ಕಾಫಿ ಗಿಡದ ಬುಡಕ್ಕೆ ಬಿದ್ದರೆ ಮುಂದಿನ ಕಳೆ ತೆಗೆಯುವ ತನಕ ಸಿಗುವುದಿಲ್ಲ. ಹಸಿರೇ ಇದ್ದರೆ ಒಂದು ಕೆಂಪು ಬಟ್ಟೆಯ ಚೂರು ಕಟ್ಟಿ.

ಎಷ್ಟೇ ಒಳ್ಳೆಯ ಗರಗಸವಾದರೂ ಕೊಂಬೆಯನ್ನು ಮೇಲಿನಿಂದ ಒಂದೇ ಸಲಕ್ಕೆ ಕೊಯ್ದರೆ ತೊಗಟೆ ಸುಲಿಯುವುದು ತಪ್ಪುವುದಿಲ್ಲ. ಅಡ್ಡ ಚಾಚಿದ ಕೊಂಬೆಯ ಮೇಲ್ಮೈ ಹಿಗ್ಗಿರುತ್ತದೆ, ತಳಭಾಗ ಅದುಮಿಕೊಂಡಿರುತ್ತದೆ. ಅದಕ್ಕೇ ಮೂರು ಕೊಯ್ತ. ಕಾಂಡದಿಂದ ಒಂದು ಗೇಣು ಬಿಟ್ಟು ಮೊದಲು ತಳದಿಂದ ಕಾಲುಭಾಗ ಕೊಯ್ಯಿರಿ. ಗರಗಸ ಬಿಗಿಯುತ್ತಿದೆ ಅನ್ನಿಸಿದ ಕೂಡಲೇ ನಿಲ್ಲಿಸಿ. ಅದರಿಂದ ಎರಡು ಬೆರಳು ಆಚೆಗೆ ಮೇಲಿನಿಂದ ಕೊಯ್ಯಿರಿ. ಕೊಂಬೆ ಬೀಳುತ್ತದೆ, ಸೀಳು ತಳದ ಕೊಯ್ತಕ್ಕೆ ಬಂದು ನಿಲ್ಲುತ್ತದೆ. ಈಗ ಉಳಿದ ಮೋಟಿಗೆ ಭಾರವಿಲ್ಲ. ಅದನ್ನು ಕಾಂಡಕ್ಕೆ ಅಂಟಿಸಿಯೂ ಅಲ್ಲ, ಮೊಳೆಯಂತೆ ಉಳಿಸಿಯೂ ಅಲ್ಲ, ಕೊಂಬೆಯ ಬುಡದಲ್ಲಿ ಸುಕ್ಕುಗಟ್ಟಿದ ಉಬ್ಬೊಂದು ಇರುತ್ತದಲ್ಲ, ಅದರ ಹೊರಗಂಚಿಗೆ ಕೊಯ್ಯಬೇಕು. ಮರದ ಗಾಯ ಮುಚ್ಚುವ ಶಕ್ತಿ ಇರುವುದು ಆ ಉಬ್ಬಿನಲ್ಲಿ. ಅಮೆರಿಕದ ಅರಣ್ಯ ಇಲಾಖೆಯ ವಿಜ್ಞಾನಿ ಅಲೆಕ್ಸ್ ಶೈಗೊ ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ನೋಡಿದವರು. ಮರದ ಗಾಯ ನಮ್ಮ ಗಾಯದಂತೆ ಮಾಯುವುದಿಲ್ಲ, ಮರ ಕೊಳೆತದ ಸುತ್ತ ಗೋಡೆ ಕಟ್ಟಿ ಅದನ್ನು ಅಲ್ಲಿಗೇ ಕಟ್ಟಿಹಾಕುತ್ತದೆ ಎಂಬುದನ್ನು ಅವರು 1977ರಲ್ಲಿ ಪ್ರಕಟವಾದ ಪುಸ್ತಿಕೆಯಲ್ಲಿ ವಿವರಿಸಿದರು. ಉಬ್ಬನ್ನೇ ಕೊಯ್ದರೆ ಆ ಗೋಡೆ ಕಟ್ಟುವ ಕೂಲಿಯಾಳನ್ನೇ ಓಡಿಸಿದಂತೆ. ನಮ್ಮ ಹಲಸಿನ ಮೇಲಿನ ಗಾಯದಲ್ಲಿ ಆ ಉಬ್ಬು ಉಳಿದಿತ್ತು, ಕೆಳಗಿನದರಲ್ಲಿ ಹರಿದುಹೋಗಿತ್ತು.

ನೆಲಕ್ಕೆ ಬಿದ್ದ ದಿಮ್ಮಿಯಲ್ಲಿ ಈ ಲೆಕ್ಕ ತಿರುಗುಮುರುಗು. ಎರಡು ತುದಿ ಕಲ್ಲಿನ ಮೇಲಿದ್ದು ನಡುವೆ ಪೊಳ್ಳಿದ್ದರೆ ಅದುಮಿಕೊಳ್ಳುವುದು ಮೇಲ್ಮೈ. ಮೇಲಿನಿಂದ ಕೊಯ್ದರೆ ಸಂದು ಮುಚ್ಚಿಕೊಂಡು ಅಲಗನ್ನು ಕಚ್ಚುತ್ತದೆ. ನನ್ನ ಬೆರಳು ಕೊಯ್ದದ್ದೇ ಹೀಗೆ. ಮೇಲೆ ಸ್ವಲ್ಪ ಕೊಯ್ದು, ಉಳಿದದ್ದನ್ನು ಕೆಳಗಿನಿಂದ ಮುಗಿಸಬೇಕಿತ್ತು.

ಏಣಿಯ ಮೇಲೆ ನಿಂತವರಿಗೆ ಇನ್ನೆರಡು ಮಾತು. ಕೊಂಬೆ ಹಿಡಿದ ಕೈ ಗರಗಸದಿಂದ ಒಂದು ಮೊಳ ದೂರ ಇರಲಿ. ಮೊದಲ ಎರಡು ಮೂರು ಎಳೆತ ಹಿಡಿಯ ಹತ್ತಿರದ ಹಲ್ಲಿನಲ್ಲಿ ಗಿಡ್ಡಗೆ ಇರಲಿ, ಗರಗಸ ಎಗರುವುದು ಆಗಲೇ. ಮತ್ತು ಅಲ್ಯೂಮಿನಿಯಂ ಏಣಿ ಎತ್ತುವ ಮೊದಲು ತಲೆ ಎತ್ತಿ ಕರೆಂಟಿನ ತಂತಿ ನೋಡಿ. ಮಲೆನಾಡು, ಕೊಡಗಿನ ತೋಟಗಳಲ್ಲಿ ಏಣಿ ತಂತಿಗೆ ತಾಗಿ ಸತ್ತ ಕಾರ್ಮಿಕರ ಸುದ್ದಿ ಓದಿದಾಗಲೆಲ್ಲ ಅನ್ನ ಇಳಿಯುವುದಿಲ್ಲ. ತಂತಿಯ ಕೆಳಗಿನ ಮರಕ್ಕೆ ಯಾವ ಗರಗಸವೂ ಬೇಡ, ಲೈನ್‌ಮನ್‌ಗೆ ಹೇಳಿ ಲೈನ್ ತೆಗೆಸುವ ತನಕ ಕೆಲಸ ನಿಲ್ಲಲಿ. ಮರವನ್ನೇ ಕಡಿಯುವ ಮಾತಾದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಅನುಮತಿ ಬೇಕು. ಸಿಲ್ವರ್ ಓಕ್, ಹಾಲುವಾಣದಂಥ ಕೆಲವಕ್ಕೆ ಮಾತ್ರ ವಿನಾಯಿತಿ. ಕಾಡಿನಲ್ಲಿ ಟೆಂಟ್ ಹಾಕಿ ಸೌದೆ ಕೊಯ್ಯಲೆಂದು ಗರಗಸ ಕೊಳ್ಳುವ ಹುಡುಗರು ಅದನ್ನು ಮನೆಯಲ್ಲೇ ಬಿಟ್ಟು ಹೋಗಲಿ.

ಕೆಲಸ ಮುಗಿದ ಮೇಲೆ ಎರಡು ನಿಮಿಷದ ಆರೈಕೆ. ಹಲಸಿನ ಮೇಣ, ಅತ್ತಿಯ ಹಾಲು ಅಲಗಿಗೆ ಮೆತ್ತಿದರೆ ಮಾರನೆಯ ದಿನ ಗರಗಸ ಸರಿಯುವುದಿಲ್ಲ. ಹಲಸಿನ ಹಣ್ಣು ಬಿಡಿಸುವ ಮುಂಚೆ ಕೈಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತೇವಲ್ಲ, ಅದೇ ಎಣ್ಣೆ ಇದಕ್ಕೂ ಮದ್ದು. ಕೊಯ್ಯುವ ಮೊದಲು ಒಂದು ಹನಿ, ಆದಮೇಲೆ ಬಟ್ಟೆಯಲ್ಲಿ ಒರೆಸಿ ಇನ್ನೊಂದು ಹನಿ. ನಮ್ಮ ಮಳೆಗಾಲದ ತೇವಕ್ಕೆ ಒಂದೇ ರಾತ್ರಿಯಲ್ಲಿ ತುಕ್ಕಿನ ಚುಕ್ಕೆ ಏಳುತ್ತದೆ. ಒದ್ದೆ ಅಲಗನ್ನು ಹಾಗೆಯೇ ಮಡಚಿ ಇಡಬೇಡಿ. ಕೀಲಿನ ಸಂದಿನ ಹುಡಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಲ್ಲಿ ತೆಗೆಯಿರಿ, ಲಾಕ್ ಜಾರಲು ಆ ಹುಡಿಯೂ ಒಂದು ಕಾರಣ.

ನನ್ನ ಈಗಿನ ಗರಗಸಕ್ಕೆ ಇದು ಎರಡನೆಯ ಅಲಗು. ಮೊದಲನೆಯದನ್ನು ನಾಲ್ಕು ಮರಗಸಿ ಕಂಡ ಮೇಲೆ ತೆಗೆದೆ. ಹಲ್ಲು ಸವೆದಿತ್ತೇ ಹೊರತು ಉಕ್ಕು ಗಟ್ಟಿಯಾಗಿಯೇ ಇತ್ತು. ಎಸೆಯಲು ಮನಸ್ಸಾಗದೆ ಊರಿನ ಕುಲುಮೆಗೆ ಒಯ್ದು ಕೊಟ್ಟೆ. ಅವರು ಹಲ್ಲಿನ ಕಡೆಯನ್ನು ಸಾಣೆ ಹಿಡಿದು ತೆಗೆದು, ನಾಲ್ಕು ಬೆರಳು ಉದ್ದದ ಚೂರಿಗೆ ಬೈನೆ ಮರದ ಹಿಡಿ ಹಾಕಿ ಕೊಟ್ಟರು. ಫೆಬ್ರವರಿಯಲ್ಲಿ ಕಾಳುಮೆಣಸಿನ ಹಬ್ಬು ಬಳ್ಳಿಯನ್ನು ಎರಡು ಮೂರು ಗೆಣ್ಣಿಗೆ ತುಂಡು ಮಾಡಿ ನರ್ಸರಿ ಚೀಲಕ್ಕೆ ಊರುವಾಗ ಮನೆಯಲ್ಲಿ ಎಲ್ಲರೂ ಹುಡುಕುವುದು ಆ ಚಾಕುವನ್ನೇ.